ಎಂಥಾ ಸದ್ದು?

ಹದಿನೈದು ದಿನ ನಾನು ಡಬರಿಯನ್ನೇ ಅನುಮಾನಿಸಿದೆ.
ಹಿಂದಿನ ಸೀಟು ಕಿತ್ತು ಜೋಡಿಸಿದ ಇಡ್ಲಿ, ಚಿತ್ರಾನ್ನ, ಸಾಂಬಾರು.
ಮುಚ್ಚಳಕ್ಕೆ ಹಳೇ ಪಂಚೆ ಸುತ್ತಿದೆ, ಹಗ್ಗ ಬಿಗಿದೆ.
ಆದರೂ ಬೆಳಗಿನ ಐದೂವರೆಗೆ ಶ್ರೀರಾಂಪುರದ ತಿರುವಿನಲ್ಲಿ
ಝಣ ಝಣ ಝಣ.
ಒಂದು ಭಾನುವಾರ ಖಾಲಿ ಗಾಡಿ ತೆಗೆದೆ.
ಪಾತ್ರೆ ಇಲ್ಲ, ಸದ್ದು ಇದೆ.

ಯಶವಂತಪುರದವರೆಗೆ ಜೊತೆಗೆ ಬರುತ್ತೆ.
ಗೊರಗುಂಟೆಪಾಳ್ಯ, ಹೆಸರಲ್ಲೇ ಗೊರಗೊರ ಇಟ್ಟುಕೊಂಡ ಜಾಗ,
ಅಲ್ಲಿಗೆ ಬಂದರೆ ನನ್ನ ಸ್ಯಾಂಟ್ರೋ ಮೌನವ್ರತ.
ಪೀಣ್ಯದ ಫ್ಯಾಕ್ಟರಿ ಗೇಟಿನಲ್ಲಿ ತಿಂಡಿ ಇಳಿಸುವಾಗ
ವಾಚ್‌ಮನ್ ಹೊಂಬಾಳಯ್ಯ ಬಗ್ಗಿ ಕಿವಿಗೊಟ್ಟು
"ಏನೂ ಇಲ್ಲವಲ್ಲಮ್ಮ" ಅನ್ನುತ್ತಾರೆ,
ನನ್ನ ಕಿವಿಯನ್ನೇ ರಿಪೇರಿಗೆ ಬಿಡಬೇಕು ಅನ್ನುವ ಹಾಗೆ.

ಶೋರೂಮಿನಲ್ಲಿ ಟೈ ಕಟ್ಟಿದ ಹುಡುಗ
ಕಂಪ್ಯೂಟರು ಚುಚ್ಚಿ ನೋಡಿದ. ಅದಕ್ಕೂ ಕೇಳಿಸಲಿಲ್ಲ.
"ಎಂಜಿನ್ ಇಳಿಸಿಬಿಡೋಣ ಮೇಡಂ, ನಲವತ್ತೆರಡು ಸಾವಿರ."
ನಲವತ್ತೆರಡು ಸಾವಿರ ಅಂದರೆ ಎಷ್ಟು ಇಡ್ಲಿ ಅಂತ
ಮನೆವರೆಗೂ ಎಣಿಸುತ್ತಾ ಬಂದೆ. ಮನೆ ಬಂತು, ಇಡ್ಲಿ ಮುಗಿಯಲಿಲ್ಲ.

ಬಿನ್ನಿಪೇಟೆಯ ಇನಾಯತ್ ಭಾಯಿ ಬಾನೆಟ್ಟು ಎತ್ತಲಿಲ್ಲ.
ಸ್ಟೂಲು ಹಾಕಿಸಿ, ಟೀ ತರಿಸಿ, ಕೇಳಿದರು:
"ಎಂಥಾ ಸದ್ದು? ಮಾಡಿ ತೋರಿಸಿ."
ಐವತ್ತೊಂದು ವರ್ಷದ ಹೆಂಗಸು,
ಗ್ರೀಸ್ ಮೆತ್ತಿದ ನಾಲ್ಕು ಹುಡುಗರ ಮುಂದೆ
ಬಾಯಲ್ಲಿ ಕಾರು ಆಗುವುದು ಹೇಗೆ?
ಮೆಲ್ಲಗೆ "ಟಕ ಟಕ" ಅಂದೆ.
"ಟಕ ಟಕಾನೋ, ಟಿಕ ಟಿಕಾನೋ, ನೋಡಿ ಹೇಳಿ ಅಮ್ಮ.
ಟಿಕ ಅಂದರೆ ಟ್ಯಾಪೆಟ್ಟು, ಮಹಡಿ ಮನೆಯ ಜಗಳ.
ಟಕ ಅಂದರೆ ಕೆಳಗೆ ಬೇರಿಂಗು, ಪಾಯದ ವಿಷಯ.
ಒಂದು ಗುಡಿಸಿಗೆ ಇಪ್ಪತ್ತೈದು ಸಾವಿರ ವ್ಯತ್ಯಾಸ."

ಕಣ್ಣು ಮುಚ್ಚಿದೆ. ನನಗೆ ಗೊತ್ತಿರುವ ಸದ್ದೆಲ್ಲ ಒಲೆಯದು.
"ಸಾಸಿವೆ ಸಿಡಿಯೋ ಥರ ಅಲ್ಲ. ಕುಕ್ಕರ್ ಥರಾನೂ ಅಲ್ಲ.
ಬೇಳೆ ಉಕ್ಕೋಕೆ ಮುಂಚೆ ಡಬರಿ ಮೇಲಿನ ತೆಳ್ಳನೆ ತಟ್ಟೆ
ಒಂದು ಕಡೆ ಕೂತು, ಇನ್ನೊಂದು ಕಡೆ ಏಳುತ್ತಾ
ನಡುಗುತ್ತಲ್ಲ, ಆ ಥರ.
ಬಿಸಿ ಪೂರ್ತಿ ಏರಿದ ಮೇಲೆ ಸುಮ್ಮನಾಗುತ್ತೆ."
ಇನಾಯತ್ ಭಾಯಿ ಟೀ ಲೋಟ ಕೆಳಗಿಟ್ಟರು.
"ರಾತ್ರಿ ಗಾಡಿ ಇಲ್ಲೇ ಬಿಡಿ. ತಣ್ಣಗಾಗಲಿ."

ಮರುದಿನ ಬೀದಿಯಲ್ಲಿ ಹಾಲಿನವನು ಬಿಟ್ಟರೆ ಯಾರೂ ಇಲ್ಲ.
ಉದ್ದನೆ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ,
ಹಿಡಿ ತಮ್ಮ ಕಿವಿ ಪಕ್ಕದ ಮೂಳೆಗೆ.
"ಚಾಲೂ ಮಾಡೋ ಸೆಲ್ವ."
ವಾಟರ್ ಪಂಪು. ಅಲ್ಲ. ಆಲ್ಟರ್ನೇಟರು. ಅಲ್ಲ.
ವಾಲ್ವ್ ಕವರಿನ ಮೇಲೆ ಸ್ವಲ್ಪ ಹೊತ್ತು ನಿಂತರು, ಏನೂ ಹೇಳಲಿಲ್ಲ.
ಆಮೇಲೆ ಗೋಣಿಚೀಲ ಹಾಸಿ ಕೆಳಗೆ ನುಸುಳಿ
ಸೈಲೆನ್ಸರ್ ಪೈಪಿನ ಮೇಲಿದ್ದ ತಗಡನ್ನು
ಚಿಂದಿ ಬಟ್ಟೆ ಇಟ್ಟು ಅದುಮಿದರು.
ನಿಂತಿತು.
ಬಿಟ್ಟರು. ಝಣ ಝಣ.
ಅದುಮಿದರು.

ಶಾಖ ತಡೆಯುವ ತಗಡಂತೆ. ಬೋಲ್ಟು ತುಕ್ಕು ತಿಂದು ಉದುರಿದೆ.
ಬಿಸಿಗೆ ಹಿಗ್ಗಿ ತಾನೇ ಬಿಗಿಯಾಗುತ್ತೆ, ಅದಕ್ಕೇ ಪೀಣ್ಯದಲ್ಲಿ ಮೌನ.
ಮುಚ್ಚಳವೇ ಅದು. ಹದಿನೈದು ದಿನ ನಾನು
ಸರಿಯಾದ ಅನುಮಾನವನ್ನು ತಪ್ಪು ಪಾತ್ರೆಗೆ ಕಟ್ಟಿದ್ದೆ.
ಒಂದು ಕ್ಲಾಂಪು. ನೂರಾ ಎಂಬತ್ತು ರೂಪಾಯಿ. ಟೀ ಅವರದು.

ಕಿಟಕಿ ಇಳಿಸಿಕೊಂಡು ಹೊರಟೆ.
ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿ, ಸದ್ದಿಲ್ಲದ ಗಾಡಿಯೊಳಗೆ,
ಮೊದಲ ಸಲ ಕೇಳಿಸಿತು.
ಎಣ್ಣೆ ಕಾಯುವ ಹೊತ್ತಿಗೆ ಅವಸರ ಮಾಡುವ ಒಂದೊಂದೇ ಸಾಸಿವೆ:
ಚಿಟ್. ಚಿಟ್.
ಪಕ್ಕಕ್ಕೆ ಹಾಕಿ ಫೋನು ಮಾಡಿದೆ.
"ಕೇಳಿಸ್ತಾ?" ಅಂದರು, ಕಾಯುತ್ತಿದ್ದವರ ಹಾಗೆ.
"ಅದು ಟಿಕ. ಜೋರಿನದು ಹೋದ ಮೇಲೇ ಅದು ಕೇಳೋದು.
ಮುಂದಿನ ತಿಂಗಳು ಬನ್ನಿ, ಸೆಟ್ಟಿಂಗ್ ನೋಡೋಣ.
ಅಲ್ಲಿವರೆಗೆ ದಿನಾ ಕಿವಿ ಇಟ್ಟಿರಿ.
ಗುಡಿಸು ಕಳಚಿದರೆ ಆ ಕ್ಷಣ ಗಾಡಿ ನಿಲ್ಲಿಸಿ."

ಹಿಂದಿನ ಬಸ್ಸಿನ ಹಾರನ್ನಿಗೆ ಬೀದಿಯೆಲ್ಲ ಕಿವುಡಾಯಿತು.
ಅದು ದಾಟಿ ಹೋಗಲೆಂದು ಕಾದೆ. ಆಮೇಲೆ ಮೊದಲ ಗೇರು.
ಚಿಟ್. ಚಿಟ್.
ಗುಡಿಸು ಇದೆ.